ಮಗಳ ಮನೆಯಲ್ಲಿ ಅಮೀನ

ಯಾರ ಮನೆಯ ಹೊಸ್ತಿಲು ದಾಟಿದರೂ ಸಿದ್ದರಾಜುವಿನ ಕಣ್ಣಿಗೆ ಮೊದಲು ಬೀಳುತ್ತಿದ್ದದ್ದು ಆ ಮನೆಯಲ್ಲಿ ಇಲ್ಲದ ಸಾಮಾನು. ಗೋಡೆಯ ಮೇಲೆ ಗಡಿಯಾರದ ಅಳತೆಯ ಬಿಳಿ ಗುರುತು ಕಂಡರೆ ಗಡಿಯಾರ ಪಕ್ಕದ ಮನೆ ಸೇರಿದೆ ಎಂದು ಲೆಕ್ಕ. ನೆಲದ ಮೇಲೆ ನಾಲ್ಕು ಕಾಲಿನ ಗುರುತು ಉಳಿದು ಹೊಲಿಗೆ ಮಿಷನ್ನು ಮಾಯವಾಗಿದ್ದರೆ ಅದು ಭಾವಮೈದುನನ ಮನೆಗೆ ಹೋಗಿ ಕೂತಿದೆ ಎಂದು ಲೆಕ್ಕ. ಮದ್ದೂರಿನ ಮುನ್ಸೀಫ್ ಕೋರ್ಟಿನಲ್ಲಿ ಮೂವತ್ತೊಂದು ವರ್ಷ ಅಮೀನನಾಗಿದ್ದವನಿಗೆ ಇಷ್ಟೂ ಗೊತ್ತಾಗದಿದ್ದರೆ ಹೇಗೆ? ಸಾಲ ಕಟ್ಟದವರ ಮನೆಗೆ ವಾರಂಟು ಹಿಡಿದು ಹೋಗುವುದು, ಸಾಮಾನು ಪಟ್ಟಿ ಮಾಡಿ ಜಪ್ತಿ ಮಾಡುವುದು, ಹರಾಜು ಕೂಗುವುದು ಅವನ ಹೊಟ್ಟೆಪಾಡು. ಒಂದು ಸಲ ಬೆಸಗರಹಳ್ಳಿಯಲ್ಲಿ ಬಾಗಿಲಿಗೆ ಎದುರಾಗಿ ನಿಂತು ಒನಕೆಯ ಏಟು ತಿಂದ ಮೇಲೆ ಯಾವ ಬಾಗಿಲು ತಟ್ಟಿದರೂ ಪಕ್ಕಕ್ಕೆ ಸರಿದೇ ನಿಲ್ಲುತ್ತಿದ್ದ. ಯಾರನ್ನೂ ನಂಬದಿರುವುದಕ್ಕೇ ಸರ್ಕಾರ ಅವನಿಗೆ ಸಂಬಳ ಕೊಡುತ್ತಿತ್ತು.

ಇಂಥ ಮನುಷ್ಯ ೧೯೮೬ರ ಏಪ್ರಿಲ್‌ನಲ್ಲಿ ಅಮೆರಿಕದ ಮಿಲ್ಪಿಟಾಸ್‌ನಲ್ಲಿದ್ದ ಮಗಳ ಮನೆಗೆ ಬಂದ. ಹೆಂಡತಿ ಜವರಮ್ಮ ತೀರಿಕೊಂಡು ಒಂಬತ್ತು ತಿಂಗಳಾಗಿತ್ತು. ಮದ್ದೂರಿನಲ್ಲಿ ಒಬ್ಬನೇ ಅನ್ನ ಬೇಯಿಸಿಕೊಂಡು ಬೇಸತ್ತಿದ್ದ. ಮಗಳು ಪ್ರಭಾ ಮಾತ್ರ ಕಾಗದದಲ್ಲಿ "ಮುಂದಿನ ವರ್ಷ ಬಾ ಅಪ್ಪ" ಎಂದು ಎರಡು ಸಲ ಬರೆದಿದ್ದಳು. ಬರಬೇಡ ಅನ್ನುವ ಮನೆಗೇ ಮೊದಲು ಹೋಗಬೇಕು ಎನ್ನುವುದು ಅಮೀನನ ಅನುಭವ. ಗ್ರಾಚ್ಯುಟಿ ದುಡ್ಡಿನಲ್ಲಿ ತಾನೇ ಟಿಕೆಟ್ಟು ತೆಗೆದು ಹೊರಟುಬಿಟ್ಟ.

ಜವರಮ್ಮ ಈ ಊರನ್ನು ಅವನಿಗಿಂತ ಮೊದಲೇ ನೋಡಿದ್ದಳು. ೧೯೮೨ರಲ್ಲಿ ಮಗಳ ಬಾಣಂತನಕ್ಕೆಂದು ಬಂದು, ಮೊಮ್ಮಗಳಿಗೆ ತಿಂಗಳು ತುಂಬುವಷ್ಟರಲ್ಲಿ ತಾನೇ ಹೊಟ್ಟೆನೋವಿಗೆ ಸಿಕ್ಕಿ, ಆಸ್ಪತ್ರೆಯಲ್ಲಿ ಕೊಯ್ಸಿಕೊಂಡು ಊರಿಗೆ ಮರಳಿದ್ದಳು. "ಒಂದು ಕಾಸೂ ಇಸ್ಕೊಳ್ಳಲಿಲ್ಲ ಕನಿ, ಅಲ್ಲೆಲ್ಲ ಸರ್ಕಾರದ್ದೇಯ" ಎಂದು ಬಂದವರಿಗೆಲ್ಲ ಹೇಳಿದ್ದಳು. ಸಿದ್ದರಾಜು ಅದನ್ನೇ ಕೋರ್ಟಿನ ಕ್ಯಾಂಟೀನಿನಲ್ಲಿ ಕೂತು ವಕೀಲರಿಗೆಲ್ಲ ಹೇಳಿ ಅಮೆರಿಕದ ಸರ್ಕಾರಕ್ಕೆ ಕೈಮುಗಿದಿದ್ದ.

ಅಳಿಯ ಶ್ರೀಕಂಠ ಏರ್‌ಪೋರ್ಟಿಗೆ ಯಾರೋ ಸ್ನೇಹಿತನ ಕಾರಿನಲ್ಲಿ ಬಂದಿದ್ದ.

"ನಿಮ್ಮ ಕಾರು ಏನಾಯ್ತು?" ಎಂದು ಸಿದ್ದರಾಜು ಕೇಳಿದ.

"ರಿಪೇರಿಗೆ ಕೊಟ್ಟಿದೆ ಮಾವ."

ಸಿದ್ದರಾಜುವಿನ ಕಿವಿ ನೆಟ್ಟಗಾಯಿತು. ಮೂವತ್ತೊಂದು ವರ್ಷ ಅವನು ಹುಡುಕಿಕೊಂಡು ಹೋದ ಸೈಕಲ್ಲು, ರೇಡಿಯೋ, ಪಂಪ್‌ಸೆಟ್ಟುಗಳೆಲ್ಲ ಅದೇ ದಿನ ರಿಪೇರಿಗೆ ಹೋಗಿರುತ್ತಿದ್ದವು. ಆದರೂ ಅಳಿಯ ತಾನೇ, ಸುಮ್ಮನಾದ. ಮನೆಗೆ ಬಂದು ಕಾಲು ತೊಳೆದು ಕೂತವನಿಗೆ ಮಗಳು ಕಾಫಿ ತಂದುಕೊಟ್ಟಳು. ಲೋಟ ನೀಡಿದ ಕೈ ಬೋಳಾಗಿತ್ತು. ಜವರಮ್ಮ ತನ್ನ ನಾಲ್ಕು ಚಿನ್ನದ ಬಳೆಗಳನ್ನು ಬಾಣಂತಿ ಮಗಳ ಕೈಗೆ ಹಾಕಿ ಬಂದಿದ್ದಳು.

"ಬಳೆ ಎಲ್ಲವ್ವಾ?"

"ಲಾಕರಲ್ಲಿದೆ ಅಪ್ಪ. ಇಲ್ಲಿ ಯಾರು ಹಾಕ್ಕೊಂಡು ಓಡಾಡ್ತಾರೆ?"

ಲಾಕರ್ ಎನ್ನುವುದು ರಿಪೇರಿಯ ಅಕ್ಕ. ಸಿದ್ದರಾಜು ಕಾಫಿ ಕುಡಿದ, ಆದರೆ ರುಚಿ ಹತ್ತಲಿಲ್ಲ.

ಹದಿನೈದು ದಿನದಲ್ಲಿ ಅವನ ಹದ್ದಿನ ಕಣ್ಣಿಗೆ ಇಡೀ ಮನೆ ಒಪ್ಪಿಸಿಕೊಂಡುಬಿಟ್ಟಿತು. ರಸ್ತೆ ಕಡೆಯ ಕರ್ಟನ್ನನ್ನು ಹಾಡುಹಗಲಲ್ಲೂ ಸರಿಸುವ ಹಾಗಿಲ್ಲ. ಡೋರ್ ಬೆಲ್ಲು ಆದರೆ ತೆಗೆಯುವ ಹಾಗಿಲ್ಲ. "ಸೇಲ್ಸ್‌ನವರು ಬರ್ತಾರೆ ಅಪ್ಪ, ತಲೆ ತಿಂತಾರೆ" ಎಂದು ಪ್ರಭಾಳ ಕಟ್ಟಪ್ಪಣೆ. ಫೋನು ಹೊಡೆದುಕೊಂಡರೆ ಗಂಡ ಹೆಂಡತಿ ಮುಖ ಮುಖ ನೋಡಿಕೊಳ್ಳುತ್ತಾರೆ. ಎರಡು ಸಲ ಬಡಿದು ನಿಂತು ಮತ್ತೆ ಬಡಿದರೆ ಮಾತ್ರ ಎತ್ತುತ್ತಾರೆ, ಅದು ಸ್ನೇಹಿತರ ಗುರುತು. ಟಪಾಲು ಬಂದ ಕೂಡಲೇ ಪ್ರಭಾ ಅದರಲ್ಲಿ ಕೆಲವು ಲಕೋಟೆಗಳನ್ನು ಒಡೆಯದೆಯೇ ಅಕ್ಕಿ ಡಬ್ಬದ ಹಿಂದೆ ತೂರಿಸುತ್ತಾಳೆ. ಅಳಿಯ ಒಂದೂವರೆ ಮೈಲಿ ದೂರದ ಎಲೆಕ್ಟ್ರಾನಿಕ್ಸ್ ಫ್ಯಾಕ್ಟರಿಗೆ ನಡೆದುಕೊಂಡು ಹೋಗಿ ನಡೆದುಕೊಂಡು ಬರುತ್ತಾನೆ. ಈ ದೇಶದಲ್ಲಿ ಕಸ ಹಾಕಿ ಬರಲೂ ಕಾರು ತೆಗೆಯುತ್ತಾರೆ, ಇವನಿಗೆ ಮಾತ್ರ ನಡಿಗೆ.

ಇದು ಸಾಲಗಾರನ ಮನೆ ಎಂದು ತೀರ್ಮಾನಿಸಲು ಸಿದ್ದರಾಜುವಿಗೆ ಇಷ್ಟು ಧಾರಾಳವಾಗಿ ಸಾಕಾಗಿತ್ತು. ಯಾತರ ಸಾಲ ಎನ್ನುವುದೊಂದು ಗೊತ್ತಾಗಬೇಕಿತ್ತು. ಅದಕ್ಕೂ ದಾರಿ ಸಿಕ್ಕಿತು. ಪ್ರತಿ ಶನಿವಾರ ಸಂಜೆ ಶ್ರೀಕಂಠ "ಓವರ್‌ಟೈಮು" ಎಂದು ಹೇಳಿ ಹೊರಡುತ್ತಿದ್ದ. ಭಾನುವಾರ ಬೆಳಿಗ್ಗೆ ಕಣ್ಣು ಕೆಂಪಗೆ ಮಾಡಿಕೊಂಡು ಬರುತ್ತಿದ್ದ. ಒಂದು ಭಾನುವಾರ ಅವನು ಸ್ನಾನಕ್ಕೆ ಹೋದಾಗ ಕುರ್ಚಿಯ ಮೇಲೆ ಬಿಚ್ಚಿಟ್ಟ ಜಾಕೆಟ್ಟನ್ನು ಸಿದ್ದರಾಜು ಎತ್ತಿ ನೋಡಿದ. ಕಲ್ಲು ತುಂಬಿದ ಹಾಗೆ ಭಾರವಿತ್ತು. ಜೇಬಿನೊಳಗೆ ಕಾಗದ ಸುತ್ತಿದ ನಾಣ್ಯದ ಉರುಳೆಗಳು, ಎಲ್ಲ ಕಾಲು ಡಾಲರಿನವು.

ಮಾರನೆಯ ದಿನ ಪಾರ್ಕಿನಲ್ಲಿ ವೆಂಕಟಾಚಲಯ್ಯನವರನ್ನು ಕೇಳಿದ. ಅವರು ಮೈಸೂರಿನಲ್ಲಿ ಹೆಡ್‌ಮಾಸ್ಟರಾಗಿದ್ದವರು, ಮಗನ ಮನೆಯಲ್ಲಿ ಎರಡು ವರ್ಷದಿಂದ ಇದ್ದವರು, ಗೊತ್ತಿಲ್ಲ ಎಂಬ ಮಾತನ್ನು ಜನ್ಮದಲ್ಲಿ ಆಡದವರು.

"ಕಾಲು ಡಾಲರೇ? ಕಂತೆ ಕಂತೆಯೇ? ಹಾಗಾದರೆ ರೀನೋ ಕಣ್ರೀ, ಜೂಜಿನ ಊರು," ಎಂದರು ವೆಂಕಟಾಚಲಯ್ಯ. "ಇಲ್ಲಿಂದ ನಾಲ್ಕೈದು ಗಂಟೆ ದಾರಿ. ಶನಿವಾರ ಹೋಗ್ತಾರೆ, ಭಾನುವಾರ ಬರ್ತಾರೆ. ಮಿಷನ್ನಿಗೆ ಕಾಲು ಡಾಲರು ಹಾಕೋದು, ಕಡ್ಡಿ ಎಳೆಯೋದು. ಎಷ್ಟೋ ಸಂಸಾರ ಹಾಳಾಗಿದೆ. ಯಾರ ವಿಚಾರ ಕೇಳ್ತಿದ್ದೀರಿ?"

"ಯಾರ್ದೂ ಇಲ್ಲ, ಸುಮ್ನೆ ಕೇಳ್ದೆ," ಎಂದು ಸಿದ್ದರಾಜು ಎದ್ದುಬಂದ.

ಪಾತ್ರೆ ಪಡಗ ಗಾಡಿಗೆ ಏರುವಾಗ ಮನೆಯ ಹೆಂಗಸರು ಜಗಲಿಯ ಮೇಲೆ ಮೊಣಕಾಲಿಗೆ ಮುಖ ಕೊಟ್ಟು ಕೂರುವುದನ್ನು ಅವನು ನೂರಾರು ಸಲ ನೋಡಿದ್ದ. ನೋಡಿಯೂ ನೋಡದವನ ಹಾಗೆ ಪಟ್ಟಿ ಬರೆದಿದ್ದ. ಈಗ ಆ ಜಾಗದಲ್ಲಿ ಪ್ರಭಾಳ ಮುಖ ಬಂದು ಕೂತಿತು. ಇಷ್ಟು ದೂರ ಕೊಟ್ಟ ಒಬ್ಬಳೇ ಮಗಳು ಜೂಜುಕೋರನ ಕೈಗೆ ಸಿಕ್ಕಿ ಬೀದಿಗೆ ಬೀಳುವುದನ್ನು ನೋಡಲು ತಾನು ಬದುಕಿರಬಾರದಿತ್ತು ಎನಿಸಿತು. ಆ ಸಂಜೆ ಅಡುಗೆಮನೆಗೆ ಹೋಗಿ ಕೇಳಿಯೇಬಿಟ್ಟ.

"ಪ್ರಭಾ, ದಿಟ ಹೇಳವ್ವ. ನಿನ್ ಗಂಡಂಗೆ ಏನಾರ ಚಟ ಇದ್ದಾ?"

"ಏನು ಚಟ?"

"ಪ್ರತಿ ಶನಿವಾರ ಎಲ್ಲಿಗೆ ಹೋಗ್ತರೆ? ಯಾರ ಜೊತೆ ಹೋಗ್ತರೆ? ಬಳೆ ಯಾವ ಬ್ಯಾಂಕಲ್ಲಿ ಮಡಗಿದ್ದೀಯೆ? ರಸೀತಿ ತಗಂಬಾ, ನೋಡವ."

ಪ್ರಭಾ ಚಪಾತಿ ಲಟ್ಟಿಸುವುದನ್ನು ನಿಲ್ಲಿಸಿ ಅಪ್ಪನನ್ನೇ ನೋಡಿದಳು. "ಅಪ್ಪ, ಇದು ನನ್ನ ಮನೆ. ಮದ್ದೂರು ಕೋರ್ಟಲ್ಲ," ಎಂದಳು. ಮತ್ತೆ ಲಟ್ಟಿಸತೊಡಗಿದಳು. ಬಾಯಿಗೆ ಬೀಗ ಹಾಕಿಕೊಂಡ ಮೇಲೆ ಸಾಕ್ಷಿಯನ್ನು ಎಷ್ಟು ಕೆದಕಿದರೂ ಪ್ರಯೋಜನವಿಲ್ಲ ಎಂದು ಸಿದ್ದರಾಜು ಈಚೆಗೆ ಬಂದ.

ಮುಂದಿನ ಶನಿವಾರ ಅಳಿಯ ಹೊರಟ ಎರಡು ನಿಮಿಷಕ್ಕೆ ತಾನೂ ಮಫ್ಲರು ಸುತ್ತಿಕೊಂಡು ವಾಕಿಂಗಿಗೆ ಎಂದು ಹೊರಟ. ಅರವತ್ತೊಂದರ ಪ್ರಾಯದಲ್ಲೂ ಒಬ್ಬನ ಬೆನ್ನು ಹಿಡಿದು ಹೋಗುವ ಕಲೆ ಮರೆತಿರಲಿಲ್ಲ. ಮೂರನೆಯ ರಸ್ತೆಯಲ್ಲಿ, ಡೋನಟ್ ಅಂಗಡಿಯ ಪಕ್ಕದ ಸಂದಿಯಂಥ ಬೀದಿಯಲ್ಲಿ ಒಂದು ಕಾರು ಬೂದು ಬಟ್ಟೆ ಹೊದ್ದು ನಿಂತಿತ್ತು. ಶ್ರೀಕಂಠ ಅತ್ತ ಇತ್ತ ನೋಡಿ, ಬಟ್ಟೆ ಎಳೆದು ಮಡಚಿ, ಕಾರು ಹತ್ತಿ ಫ್ರೀವೇ ಕಡೆಗೆ ಹೋದ. ರಿಪೇರಿಗೆ ಹೋದ ಕಾರು! ಸಿದ್ದರಾಜುವಿಗೆ ಒಳಗೊಳಗೇ ಸಣ್ಣ ಖುಷಿಯೂ ಆಯಿತು. ಅದನ್ನು ಮುಚ್ಚಿಟ್ಟರೆ ಅವನ ಕಥೆ ಪೂರ್ತಿ ಹೇಳಿದ ಹಾಗಾಗುವುದಿಲ್ಲ. ಅನುಮಾನ ನಿಜವಾದಾಗ ಅವನಿಗೆ ಯಾವಾಗಲೂ ಹೀಗೆ ಆಗುತ್ತಿತ್ತು, ಎದುರಿಗಿರುವುದು ಯಾರ ಮನೆಯೇ ಆಗಲಿ.

ಬುಧವಾರ ಬೆಳಿಗ್ಗೆ ಹನ್ನೊಂದರ ಹೊತ್ತು. ಅಳಿಯ ಫ್ಯಾಕ್ಟರಿಗೆ, ಮಗಳು ಕೆಲಸಕ್ಕೆ, ಮೊಮ್ಮಗಳು ಡೇಕೇರಿಗೆ ಹೋಗಿದ್ದರು. ಬಾಗಿಲ ಮೇಲೆ ಮೂರು ಸಲ ಗೆಣ್ಣಿನಿಂದ ತಟ್ಟಿದ ಸದ್ದಾಯಿತು. ಸಿದ್ದರಾಜು ಕರ್ಟನ್ನಿನ ಅಂಚನ್ನು ಬೆರಳಷ್ಟು ಸರಿಸಿ ಇಣುಕಿದ. ಖಾಕಿ ಅಂಗಿ ತೊಟ್ಟ ದಪ್ಪನೆಯ ಆಳು, ಸೊಂಟದಲ್ಲಿ ಅಗಲವಾದ ಬೆಲ್ಟು, ಕಂಕುಳಲ್ಲಿ ಕ್ಲಿಪ್ಪು ಹಾಕಿದ ಕಾಗದದ ಹಲಗೆ. ಬಾಗಿಲು ತಟ್ಟಿದವನು ಎದುರಿಗೆ ನಿಂತಿರಲಿಲ್ಲ, ಪಕ್ಕಕ್ಕೆ ಸರಿದು ಗೋಡೆಗೆ ಅಂಟಿಕೊಂಡು ನಿಂತಿದ್ದ.

ಆ ನಿಲುವು ಸಿದ್ದರಾಜುವಿಗೆ ಗೊತ್ತಿತ್ತು. ಇವನು ಸೇಲ್ಸಿನವನಲ್ಲ. ಇವನು ಅಮೀನ.

ತೆಗೆಯಲೋ ಬೇಡವೋ ಎಂದು ಐದು ನಿಮಿಷ ಒದ್ದಾಡಿದ. ಮುಚ್ಚಿದ ಬಾಗಿಲನ್ನು ಒಡೆಯುವ ಅಧಿಕಾರ ತನಗಿರಲಿಲ್ಲ, ಇವನಿಗೂ ಇರಲಾರದು. ತಾನು ಉಸಿರು ಬಿಗಿಹಿಡಿದು ಕೂತರೆ ಅವನು ಹೋಗುತ್ತಾನೆ. ಹೋಗಿ ಇನ್ನೊಂದು ದಿನ ಬರುತ್ತಾನೆ. ಅಷ್ಟರಲ್ಲಿ ಇನ್ನೆಷ್ಟು ಶನಿವಾರ, ಇನ್ನೆಷ್ಟು ಕಾಲು ಡಾಲರು? ಕಡೆಗೆ ಮನೆಯ ಸಾಮಾನಿಗೇ ಕೈ ಹಾಕುತ್ತಾರೆ. ಆ ಕಾರೇ ಇಲ್ಲದಿದ್ದರೆ ಅಳಿಯ ರೀನೋಗೆ ಹೋಗುವುದಾದರೂ ಹೇಗೆ? ಕಾರು ಹೋಗಲಿ, ಮಗಳ ಸಂಸಾರ ಉಳಿಯಲಿ. ಸಿದ್ದರಾಜು ಚಿಲಕ ತೆಗೆದ.

ಆಳು ಹಲಗೆ ನೋಡಿಕೊಂಡು ಶ್ರೀಕಂಠನ ಹೆಸರನ್ನು ಮೂರು ತುಂಡು ಮಾಡಿ ಓದಿದ.

"ಸನ್ ಇನ್ ಲಾ. ಫ್ಯಾಕ್ಟರಿ," ಎಂದ ಸಿದ್ದರಾಜು. ಆಮೇಲೆ ಎದೆ ಮುಟ್ಟಿಕೊಂಡು, "ಮೀ ಕೋರ್ಟ್ ಅಮೀನ್. ಇಂಡಿಯಾ. ಥರ್ಟಿ ಒನ್ ಇಯರ್ಸ್. ಡಿಕ್ರೀ? ಅಟ್ಯಾಚ್‌ಮೆಂಟ್?" ಎಂದು ಕಾಗದಕ್ಕೆ ಕೈ ಚಾಚಿದ.

ಆಳಿಗೆ ಮೊದಲು ಅರ್ಥವಾಗಲಿಲ್ಲ. ಅರ್ಥವಾದ ಮೇಲೆ ಮುಖ ಅಗಲಿಸಿ ನಕ್ಕು, ಕಾಗದವನ್ನು ತಿರುಗಿಸಿ ತೋರಿಸಿದ. ಕೋರ್ಟಿನ ಇಂಗ್ಲಿಷು ಎಲ್ಲ ಕಡೆಯೂ ಒಂದೇ. ಜಡ್ಜ್‌ಮೆಂಟ್ ಡೆಟರ್, ಅಂದರೆ ಸಾಲ ತೀರಿಸಬೇಕಾದವನು, ಎಂದಿದ್ದಲ್ಲಿ ಅಳಿಯನ ಹೆಸರು. ಸಾಲ ಕೊಟ್ಟವರ ಜಾಗದಲ್ಲಿ ಕೌಂಟಿ. ಮೊಬಲಗು ಹನ್ನೊಂದು ಸಾವಿರ ಚಿಲ್ಲರೆ ಡಾಲರು. ಕೌಂಟಿ ಅಂದರೆ ಇಲ್ಲಿಯ ಜಿಲ್ಲಾ ಸರ್ಕಾರ ಎಂದು ವೆಂಕಟಾಚಲಯ್ಯನವರು ಒಮ್ಮೆ ಹೇಳಿದ್ದರು. ಅಂದರೆ ಸರ್ಕಾರಕ್ಕೇ ಟೋಪಿ ಹಾಕಿದ್ದಾನೆ! ಸಿದ್ದರಾಜುವಿಗೆ ಉಳಿದಿದ್ದ ಚೂರು ಅಳುಕೂ ಹೋಯಿತು.

"ಕಾರ್?" ಎಂದ ಆಳು.

ಸಿದ್ದರಾಜು ಚಪ್ಪಲಿ ಮೆಟ್ಟಿಕೊಂಡು ಮುಂದೆ ನಡೆದ.

ಬೂದು ಬಟ್ಟೆ ಸರಿಸಿ ನಂಬರು ತಾಳೆ ನೋಡಿದ್ದೂ ಆಯಿತು, ಎಳೆದೊಯ್ಯುವ ಲಾರಿಗೆ ಫೋನು ಮಾಡಿದ್ದೂ ಆಯಿತು. ಲಾರಿ ಬರುವವರೆಗೆ ಇಬ್ಬರು ಅಮೀನರೂ ಡೋನಟ್ ಅಂಗಡಿಯ ಮುಂದೆ ನಿಂತು ಕಾಫಿ ಕುಡಿದರು. ಕಾಫಿಗೆ ದುಡ್ಡು ಕೊಟ್ಟವನು ಆ ಆಳು. ಕಾರಿನೊಳಗಿನ ಸಾಮಾನು ಪಟ್ಟಿ ಮಾಡುವಾಗ ಸಿದ್ದರಾಜು ಪಕ್ಕದಲ್ಲೇ ನಿಂತು ಒಂದೊಂದನ್ನೂ ನೋಡಿದ. ಹಿಂದಿನ ಸೀಟಿಗೆ ಕಟ್ಟಿದ್ದ ಮೊಮ್ಮಗಳ ಪುಟ್ಟ ಕುರ್ಚಿ ಕಂಡಾಗ "ಬೇಬಿ, ಬೇಬಿ" ಎಂದು ತಡೆದ. ಆಳು ತಲೆಯಾಡಿಸಿ ಅದನ್ನು ಬಿಚ್ಚಿಕೊಟ್ಟ. ಮಗುವಿನ ಸಾಮಾನು ಜಪ್ತಿಯಾಗದ ಹಾಗೆ ನೋಡಿಕೊಂಡೆನಲ್ಲ ಎಂಬ ಸಮಾಧಾನದಲ್ಲಿ ಅದನ್ನು ಹೆಗಲ ಮೇಲೆ ಹೊತ್ತು ಮನೆಗೆ ಬಂದ.

ಐದು ಗಂಟೆಗೆ ಪ್ರಭಾ ಮಗುವನ್ನು ಎತ್ತಿಕೊಂಡು ಒಳಗೆ ಬಂದಳು. ಸೋಫಾದ ಪಕ್ಕದಲ್ಲಿದ್ದ ಪುಟ್ಟ ಕುರ್ಚಿ ನೋಡಿ ಹಾಗೆಯೇ ನಿಂತಳು.

"ಇದು ಹೇಗೆ ಬಂತು ಇಲ್ಲಿಗೆ?"

"ಕೂತ್ಕೊ, ಹೇಳ್ತೀನಿ. ಅಳಿಯಂದ್ರೂ ಬರ್ಲಿ."

ಅವಳು ಕೂರಲಿಲ್ಲ. ಮಗುವನ್ನು ಇಳಿಸಿ ಬಾಗಿಲು ತೆರೆದು ಡೋನಟ್ ಅಂಗಡಿಯವರೆಗೆ ಓಡಿದಳು, ಓಡುತ್ತಲೇ ವಾಪಸು ಬಂದಳು. "ಮೈ ಸೀಟ್!" ಎಂದು ಮೊಮ್ಮಗಳು ಖುಷಿಯಿಂದ ಕುರ್ಚಿ ಹತ್ತಿ ಕೂತಳು. ಪ್ರಭಾ ಗೋಡೆಗೆ ಒರಗಿ ನೆಲದ ಮೇಲೆ ಕುಸಿದಳು. ಶ್ರೀಕಂಠ ನಡೆದು ಬಂದು ಬಾಗಿಲಲ್ಲಿ ಶೂ ಬಿಚ್ಚುವಾಗಲೂ ಅವಳು ಹಾಗೇ ಇದ್ದಳು.

ಸಿದ್ದರಾಜು ಮಧ್ಯಾಹ್ನದಿಂದ ಜೋಡಿಸಿಟ್ಟುಕೊಂಡಿದ್ದ ಮಾತು ಶುರು ಮಾಡಿದ. "ನೋಡಿ ಅಳಿಯಂದ್ರೆ, ತಪ್ಪು ತಿಳ್ಕೋಬೇಡಿ. ಕಾರು ತೋರಿಸಿಕೊಟ್ಟೋನು ನಾನೇ. ಈ ಜೂಜಿನ ಸಹವಾಸ ಬುಟ್ಬುಡಿ. ನಾನು ಎಷ್ಟೋ ಮನೆ ಕಂಡಿವ್ನಿ. ಇವತ್ತು ಕಾರು, ನಾಳೆ ಪಾತ್ರೆ. ನನ್ ಮಗ್ಳು ಬೀದೀಲಿ ಕೂರೋದು ನಾನು ನೋಡಕ್ಕಾಗಕಿಲ್ಲ."

"ಜೂಜೇ?" ಎಂದ ಶ್ರೀಕಂಠ. ಅವನಿಗೆ ನಿಜಕ್ಕೂ ಏನೂ ತಿಳಿಯಲಿಲ್ಲ. ಹೆಂಡತಿಯ ಮುಖ ನೋಡಿದ.

ಪ್ರಭಾ ಎದ್ದು ಅಡುಗೆಮನೆಗೆ ಹೋದಳು. ಅಕ್ಕಿ ಡಬ್ಬ ಸರಿಸಿದ ಸದ್ದು ಕೇಳಿಸಿತು. ಒಂದು ದಪ್ಪ ಕಟ್ಟು ತಂದು ಅಪ್ಪನ ತೊಡೆಯ ಮೇಲೆ ಇಟ್ಟಳು. "ಓದು. ನಿನಗೆ ಓದೋಕ್ಕೆ ಬರುತ್ತಲ್ಲ."

ಸಿದ್ದರಾಜು ಕನ್ನಡಕ ಏರಿಸಿಕೊಂಡು ಎಲ್ಲಕ್ಕಿಂತ ಅಡಿಯಲ್ಲಿದ್ದ ಹಳೆಯ ಕಾಗದ ತೆಗೆದ. ಅಮೀನನಾದವನು ಮೊದಲು ಹೆಸರು, ಆಮೇಲೆ ತಾರೀಖು, ಆಮೇಲೆ ಮೊಬಲಗು ಓದುತ್ತಾನೆ. ಕೌಂಟಿ ಆಸ್ಪತ್ರೆಯ ಬಿಲ್ಲು. ರೋಗಿಯ ಹೆಸರು ಎಂಬ ಕಡೆ ದಪ್ಪ ಇಂಗ್ಲಿಷ್ ಅಕ್ಷರಗಳಲ್ಲಿ ಜವರಮ್ಮ ಎಂದಿತ್ತು. ೧೯೮೨ರ ನವೆಂಬರು, ಇಪ್ಪತ್ತಮೂರು ದಿನ, ಎರಡು ಆಪರೇಷನ್ನು. ಕೆಳಗೆ, ದುಡ್ಡಿಗೆ ನಾನು ಜವಾಬ್ದಾರ ಎಂದು ಶ್ರೀಕಂಠನ ರುಜು.

ಆಮೇಲೆ ಮಾತಾಡಿದ್ದೆಲ್ಲ ಪ್ರಭಾಳೇ. ನೋಡಲು ಬಂದ ಅಪ್ಪ ಅಮ್ಮಂದಿರಿಗೆ ಇಲ್ಲಿ ವಿಮೆ ಇರುವುದಿಲ್ಲ. ಪುಕ್ಕಟೆ ಎಂದು ಅಮ್ಮನಿಗೆ ಸುಳ್ಳು ಹೇಳಿದವರು ತಾವಿಬ್ಬರೇ. ಎರಡು ವರ್ಷ ತಿಂಗಳು ತಿಂಗಳು ಕಂತು ಕಟ್ಟಿದರು. ಕಳೆದ ವರ್ಷ ಶ್ರೀಕಂಠನನ್ನು ಕೆಲಸದಿಂದ ತೆಗೆದರು, ಏಳು ತಿಂಗಳು ಮನೆಯಲ್ಲಿ ಕೂತ. ಬಳೆ ಆಗಲೇ ಮಾರಿದ್ದು. ಈಗಿನ ಕೆಲಸದಲ್ಲಿ ಸಂಬಳ ಅರ್ಧಕ್ಕಿಂತ ಸ್ವಲ್ಪ ಹೆಚ್ಚು. ಕಂತು ತಪ್ಪಿದ್ದಕ್ಕೆ ಕೌಂಟಿಯವರು ಕೇಸು ಹಾಕಿದರು.

"ಕೋರ್ಟ್ಗೆ ಹೋಗ್ಬೋದಿತ್ತಲ್ಲವ್ವ. ಕಷ್ಟ ಹೇಳ್ಕೊಂಡ್ರೆ ಕಂತು ಸಡಿಲ ಮಾಡ್ತರೆ," ಎಂದ ಸಿದ್ದರಾಜು.

"ಸಮನ್ಸು ತಂದಾಗ ನಾನೇ ಬಾಗಿಲು ತೆಗೀಲಿಲ್ಲ," ಎಂದಳು ಪ್ರಭಾ. "ಕೈಯಲ್ಲಿ ಇಸ್ಕೊಳ್ದೇ ಇದ್ರೆ ಕೇಸು ಮುಂದಕ್ಕೆ ಹೋಗಲ್ಲ ಅಂತ ಊಟಕ್ಕೆ ಕೂತಾಗೆಲ್ಲ ನೀನೇ ಹೇಳ್ತಿದ್ದೆ ಅಪ್ಪ. ಕೆಸ್ತೂರಿನೋನು ಮೂರು ವರ್ಷ ಆಟ ಆಡಿಸ್ದ ಅಂತ ನಗ್ತಿದ್ದೆ. ನಾನು ಅದನ್ನೇ ನಂಬ್ಕೊಂಡೆ. ಇವರು ಹೋಗೋಣ ಅಂದ್ರೂ ತಡೆದೆ. ಇಲ್ಲಿ ಹಾಗಲ್ಲ. ಪೋಸ್ಟಲ್ಲಿ ಒಂದು ಕಾಪಿ ಹಾಕಿ, ಬರ್ಲಿಲ್ಲ ಅಂತ ಜಡ್ಜ್‌ಮೆಂಟು ಕೊಟ್ಬಿಟ್ರು."

ಸಿದ್ದರಾಜು ಕಾಗದಗಳನ್ನು ಒಂದರ ಮೇಲೊಂದು ಸರಿಯಾಗಿ ಜೋಡಿಸಿದ. ಮತ್ತೆ ಬಿಚ್ಚಿ ಜೋಡಿಸಿದ. ಈ ಊರಿನಿಂದ ಮರಳಿದ ಮೇಲೆ ಜವರಮ್ಮ ಎರಡೂವರೆ ವರ್ಷ ಅವನ ಜೊತೆ ಬಾಳಿದ್ದಳು. ಅವನಿಗೆ ಮುದ್ದೆ ಕಟ್ಟಿ ಬಡಿಸಿದ್ದಳು, ಅವನ ಬೈಗುಳ ತಿಂದಿದ್ದಳು, ಪೆನ್ಷನ್ ಬಂದ ದಿನ ಅವನಿಂದ ಹೂವು ತರಿಸಿಕೊಂಡಿದ್ದಳು. ಅದರ ಬೆಲೆ ಈ ಕಟ್ಟಿನಲ್ಲಿತ್ತು. ಅದನ್ನು ಮೂರೂವರೆ ವರ್ಷದಿಂದ ಹೊತ್ತವನನ್ನು ಅವನು ಇವತ್ತು ಕೈಯಾರೆ ಹಿಡಿದುಕೊಟ್ಟಿದ್ದ.

"ಅವ್ಳಿಗೆ ಗೊತ್ತಾಗ್ಲಿಲ್ವಾ?"

"ಗೊತ್ತಾಗಿದ್ರೆ ಅತ್ತೆ ಅವತ್ತೇ ಹೊಲಿಗೆ ಬಿಚ್ಚಿಕೊಂಡು ಎದ್ದು ಹೋಗ್ತಿದ್ರು ಮಾವ," ಎಂದ ಶ್ರೀಕಂಠ. ಅವನ ದನಿಯಲ್ಲಿ ಸಿಟ್ಟು ಇರಲಿಲ್ಲ, ಅದನ್ನೇ ಸಿದ್ದರಾಜುವಿಗೆ ತಡೆದುಕೊಳ್ಳಲಾಗಲಿಲ್ಲ.

"ನನ್ನನ್ನ ಒಂದು ಮಾತು ಕೇಳ್ಬೋದಿತ್ತಲ್ಲಪ್ಪ," ಎಂದಳು ಪ್ರಭಾ.

"ಕೇಳಿದ್ನಲ್ಲವ್ವ. ನೀನು ಲಾಕರು ಅಂದೆ."

"ಕೇಳ್ಲಿಲ್ಲ ನೀನು. ರಸೀತಿ ತಗಂಬಾ ಅಂದೆ."

ಸಿದ್ದರಾಜು ಅಳಿಯನ ಕಡೆ ನೋಡಲಾರದೆ, "ಮತ್ತೆ ಆ ಶನಿವಾರ, ಆ ಚಿಲ್ರೆ ಕಾಸು?" ಎಂದ. ಅನುಮಾನದಿಂದ ಕೇಳಿದ್ದಲ್ಲ. ತಾನು ಇನ್ನೆಷ್ಟು ತಪ್ಪು ಮಾಡಿದ್ದೇನೆ ಎಂದು ತಿಳಿಯಬೇಕಿತ್ತು.

"ಎರಡನೇ ಕೆಲಸ ಮಾವ. ಕಾಸು ಹಾಕಿ ಬಟ್ಟೆ ಒಗೆಯೋ ಮಿಷನ್ನಿನ ಅಂಗಡಿ. ರಾತ್ರಿಯೆಲ್ಲ ಕ್ಲೀನ್ ಮಾಡ್ಬೇಕು. ಕೂಲೀನ ಆ ಚಿಲ್ಲರೇಲೇ ಕೊಡ್ತಾರೆ, ಮನೆ ಬಾಡಿಗೆಗೆ ಕಮ್ಮಿ ಬಿದ್ದದ್ದು ಅದರಲ್ಲೇ ಸರಿಹೋಗ್ತಿತ್ತು. ಇನ್ಮೇಲೆ ಮೂರು ಬಸ್ ಬದಲಾಯಿಸಿ ಹೋಗ್ಬೇಕು, ಅಷ್ಟೇ. ಅದು ಇರೋದು—"

"ರೀ," ಎಂದು ಪ್ರಭಾ ತಡೆದಳು. "ಎಲ್ಲಿ ಅಂತ ಹೇಳ್ಬೇಡಿ."

ಕೌಂಟಿಯವರಿಗೆ ತಿಳಿದರೆ ಆ ಕೂಲಿಗೂ ಕೈ ಹಾಕುತ್ತಾರೆ, ಆಮೇಲೆ ಮನೆಯೂ ಉಳಿಯುವುದಿಲ್ಲ ಎನ್ನುವುದು ಅಲ್ಲಿದ್ದ ಮೂವರಿಗೂ ಗೊತ್ತಿತ್ತು. ಪ್ರಭಾ ಅಪ್ಪನ ಮುಖ ನೋಡಲಿಲ್ಲ. ಮಗುವಿನ ಜಡೆ ಬಿಚ್ಚುತ್ತ ಕೂತಿದ್ದಳು.

ನಾನು ನಿನ್ನ ಹೆತ್ತಪ್ಪ ಎಂಬ ಮಾತು ಸಿದ್ದರಾಜುವಿನ ನಾಲಿಗೆಯ ತುದಿಯವರೆಗೆ ಬಂದು ನಿಂತಿತು.

"ಅವ್ಳು ಹೇಳೋದು ಸರಿ," ಎಂದ ಅಳಿಯನಿಗೆ. "ನನ್ ತಾವ ಹೇಳ್ಬೇಡಿ."

ಯಾವ ಬಸ್ಸು, ಎಷ್ಟು ಹೊತ್ತಿಗೆ ಎಂದು ಅವರಿಬ್ಬರೂ ಮಾತಾಡಿಕೊಳ್ಳುವುದಿತ್ತು. ಅವನಿದ್ದರೆ ಆಡುತ್ತಿರಲಿಲ್ಲ. ಸಿದ್ದರಾಜು ಕಟ್ಟನ್ನು ಮಗಳ ಪಕ್ಕದಲ್ಲಿಟ್ಟು, ಮಫ್ಲರು ತೆಗೆದುಕೊಂಡು ಹೊರಗೆ ಹೋಗಿ, ಒಳಗಿನ ಮಾತು ತನಗೆ ಕೇಳಿಸದ ಹಾಗೆ ಬಾಗಿಲನ್ನು ಭದ್ರವಾಗಿ ಎಳೆದುಕೊಂಡ.